ಮಂಗಳದ ಸುದ್ದಿ ದಾಟಿಸುವ ನೌಕೆಗಳು

ಕೇಳುಗರಿಗೆ ನಮಸ್ಕಾರ.

ಮಂಗಳ ಗ್ರಹದ ನೆಲದಲ್ಲಿ ಓಡಾಡುವ ಕ್ಯೂರಿಯಾಸಿಟಿ, ಪರ್ಸಿವಿಯರೆನ್ಸ್ ರೋವರ್‌ಗಳು ತೆಗೆದ ಚಿತ್ರಗಳನ್ನು ನೀವು ನೋಡಿರುತ್ತೀರಿ. ಅವುಗಳಲ್ಲಿ ಹೆಚ್ಚಿನವು ನೇರವಾಗಿ ಭೂಮಿಗೆ ಬಂದವಲ್ಲ. ರೋವರ್ ಅವನ್ನು ಮೊದಲು ತನ್ನ ಮೇಲೆ ಹಾದುಹೋಗುವ ಆರ್ಬಿಟರ್‌ಗೆ, ಅಂದರೆ ಗ್ರಹವನ್ನು ಸುತ್ತುತ್ತಿರುವ ನೌಕೆಗೆ, ಕೊಡುತ್ತದೆ. ಆರ್ಬಿಟರ್ ಅವನ್ನು ಇಟ್ಟುಕೊಂಡು ಭೂಮಿಗೆ ದಾಟಿಸುತ್ತದೆ.

ನೇರವಾಗಿ ಕಳಿಸಿದರೆ ಆಗಲ್ವಾ? ಆಗುತ್ತದೆ, ಆದರೆ ತುಂಬಾ ನಿಧಾನ. ರೋವರ್‌ನ ಆಂಟೆನಾ ಚಿಕ್ಕದು, ವಿದ್ಯುತ್ತೂ ಕಡಿಮೆ. ಕ್ಯೂರಿಯಾಸಿಟಿ ನೇರವಾಗಿ ಭೂಮಿಗೆ ಸೆಕೆಂಡಿಗೆ ಹೆಚ್ಚೆಂದರೆ 32,000 ಬಿಟ್ ಕಳಿಸಬಲ್ಲದು. ಮಾರ್ಸ್ ರೆಕನೈಸನ್ಸ್ ಆರ್ಬಿಟರ್‌ಗೆ ಕೊಟ್ಟರೆ 20 ಲಕ್ಷ ಬಿಟ್‌ವರೆಗೂ ಹೋಗುತ್ತದೆ. ತೊಂದರೆ ಏನೆಂದರೆ, ಆರ್ಬಿಟರ್ ನಿಲ್ಲುವುದಿಲ್ಲ. ಅದು ರೋವರ್‌ಗೆ ಸಿಗುವುದು ಒಂದು ಸಲಕ್ಕೆ ಸುಮಾರು ಎಂಟು ನಿಮಿಷ.

ಆ ಎಂಟು ನಿಮಿಷಕ್ಕಾಗಿ ಭೂಮಿಯಲ್ಲಿ ಎಷ್ಟೋ ದಿನ ಮೊದಲೇ ಲೆಕ್ಕ ನಡೆದಿರುತ್ತದೆ. ಯಾವ ಆರ್ಬಿಟರ್, ಯಾವ ರೋವರ್‌ಗೆ, ಎಷ್ಟು ಹೊತ್ತಿಗೆ? ಆ ಹೊತ್ತಿಗೆ ಆರ್ಬಿಟರ್‌ಗೆ ತನ್ನದೇ ಸಂಶೋಧನೆ ಇದ್ದರೆ ಯಾವುದು ಮುಂದಕ್ಕೆ ಹೋಗಬೇಕು? ಭೂಮಿಯಿಂದ ಹೊರಟ ಮಾತು ಮಂಗಳ ತಲುಪಲು 3ರಿಂದ 22 ನಿಮಿಷ ಬೇಕು. ಹಾಗಾಗಿ ಏನಾದರೂ ತಪ್ಪಿದರೆ ಆ ಕ್ಷಣದಲ್ಲೇ ಸರಿಪಡಿಸುವ ಮಾತೇ ಇಲ್ಲ. ಸುಮಾರು ಎರಡು ವರ್ಷಕ್ಕೊಮ್ಮೆ ಸೂರ್ಯ ನಡುವೆ ಬರುತ್ತಾನೆ. ಆಗ ಎರಡು ವಾರದಷ್ಟು ಕಾಲ ಆಜ್ಞೆ ಕಳಿಸುವುದನ್ನೇ ನಿಲ್ಲಿಸುತ್ತಾರೆ.

ಒಂದೇ ಒಂದು ಆಜ್ಞೆ ಬಿಟ್ಟುಹೋದರೆ ಏನಾಗುತ್ತದೆ ಎಂಬುದಕ್ಕೆ ಶನಿಗ್ರಹದ ಕಡೆ ನೋಡಬೇಕು. ಯುರೋಪಿನ ಹೈಗೆನ್ಸ್ ನೌಕೆ 2005ರ ಜನವರಿ 14ರಂದು ಶನಿಯ ಚಂದ್ರ ಟೈಟಾನ್ ಮೇಲೆ ಇಳಿಯಿತು. ಅದರ ಮಾತನ್ನು ಹಿಡಿದು ಭೂಮಿಗೆ ದಾಟಿಸಬೇಕಿದ್ದದ್ದು ಶನಿಯನ್ನು ಸುತ್ತುತ್ತಿದ್ದ ಕ್ಯಾಸಿನಿ ನೌಕೆ. ಐದು ವರ್ಷ ಮೊದಲೇ, 2000ದಲ್ಲಿ, ಒಂದು ಪರೀಕ್ಷೆಯಲ್ಲಿ ದೊಡ್ಡ ದೋಷ ಸಿಕ್ಕಿತ್ತು. ಎರಡೂ ನೌಕೆಗಳ ವೇಗದ ವ್ಯತ್ಯಾಸದಿಂದ ಸಂಕೇತ ಬದಲಾಗುತ್ತದೆ, ಕ್ಯಾಸಿನಿಯ ರಿಸೀವರ್‌ಗೆ ಅದನ್ನು ಸರಿಯಾಗಿ ಓದಲು ಆಗುವುದಿಲ್ಲ ಎಂದು ಗೊತ್ತಾಯಿತು. ನೌಕೆ ಆಗಲೇ ಹಾರಿಯಾಗಿತ್ತು, ಬಿಚ್ಚಿ ರಿಪೇರಿ ಮಾಡುವಂತಿರಲಿಲ್ಲ. ಸಂಕೇತ ಬದಲಾಗುವುದು ಕಡಿಮೆಯಾಗಲೆಂದು ಎಂಜಿನಿಯರುಗಳು ಕ್ಯಾಸಿನಿಯ ದಾರಿಯನ್ನೇ ಬದಲಿಸಿ ಅದು ಟೈಟಾನ್‌ನಿಂದ ಬಹಳ ದೂರದಲ್ಲಿ ಹಾದುಹೋಗುವಂತೆ ಮಾಡಿದರು. ಆ ಉಪಾಯ ಫಲಿಸಿತು. ಇಷ್ಟು ದೊಡ್ಡ ಗಂಡಾಂತರದಿಂದ ಪಾರಾದ ಮೇಲೆ, ಇಳಿಯುವ ದಿನ ಸಣ್ಣದೊಂದು ತಪ್ಪಿತು. ಹೈಗೆನ್ಸ್ ಎರಡು ಚಾನೆಲ್‌ಗಳಲ್ಲಿ ಮಾತಾಡುತ್ತಿತ್ತು. ಒಂದನ್ನು ಕೇಳುವ ಕ್ಯಾಸಿನಿಯ ರಿಸೀವರ್ ಚಾಲೂ ಮಾಡುವ ಆಜ್ಞೆಯೇ ಅದಕ್ಕೆ ಕಳಿಸಿದ ಆಜ್ಞೆಗಳ ಪಟ್ಟಿಯಲ್ಲಿ ಇರಲಿಲ್ಲ. ಸುಮಾರು 350 ಚಿತ್ರ ಬಂದವು. ಹೆಚ್ಚುಕಡಿಮೆ ಅಷ್ಟೇ ಚಿತ್ರಗಳು ಕಳೆದುಹೋದವು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮಂಗಳದಲ್ಲಿ ಈಗ ಇರುವ ಚಿಂತೆ ಆರ್ಬಿಟರ್‌ಗಳ ವಯಸ್ಸಿನದು. ಮಾರ್ಸ್ ಒಡಿಸ್ಸಿ 2001ರಿಂದ ಸುತ್ತುತ್ತಿದೆ, ಅದರ ಇಂಧನ ಮುಗಿಯುತ್ತ ಬಂದಿದೆ. ಮಾರ್ಸ್ ರೆಕನೈಸನ್ಸ್ ಆರ್ಬಿಟರ್ ಅಲ್ಲಿಗೆ ಮುಟ್ಟಿದ್ದು 2006ರಲ್ಲಿ. 2016ರಲ್ಲಿ ಹೋದ ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್ ದೊಡ್ಡ ಪಾಲು ಹೊರುತ್ತಿದೆ, ಅದರಲ್ಲಿರುವ ರಿಲೇ ರೇಡಿಯೊ, ಅಂದರೆ ಸುದ್ದಿ ಪಡೆದು ದಾಟಿಸುವ ರೇಡಿಯೊ, ನಾಸಾ ಕೊಟ್ಟದ್ದು. ಇವೆಲ್ಲ ಸಂಶೋಧನೆಗೆ ಹೋದ ನೌಕೆಗಳು, ರಿಲೇ ಕೆಲಸ ಅದರ ಜೊತೆಗೆ.

ಚಂದ್ರನ ವಿಷಯದಲ್ಲಿ ಚೀನಾ ಬೇರೆ ದಾರಿ ಹಿಡಿಯಿತು. ಚಂದ್ರನ ಹಿಂಬದಿ ಭೂಮಿಗೆ ಕಾಣುವುದೇ ಇಲ್ಲ. ಅದಕ್ಕೆ 2018ರ ಮೇ ತಿಂಗಳಲ್ಲಿ ಬರೀ ರಿಲೇಗೆಂದೇ ಚೆಚ್ಯಾವ್ ಎಂಬ ಉಪಗ್ರಹ ಕಳಿಸಿದರು. ಅದು ತನ್ನ ಜಾಗ ಸೇರಿ ಕೆಲಸಕ್ಕೆ ನಿಂತ ಮೇಲೆಯೇ, ಡಿಸೆಂಬರಿನಲ್ಲಿ, ಹಿಂಬದಿಯಲ್ಲಿ ಇಳಿಯುವ ಚಾಂಗ್'ಅ-4 ಹೊರಟಿತು. ಮಂಗಳಕ್ಕೂ ಇಂಥ ಬರೀ ರಿಲೇಗೆಂದೇ ಇರುವ ನೌಕೆ ಬೇಕು, ಹಳೆಯವು ಸುಮ್ಮನಾಗುವ ಮೊದಲೇ ಬೇಕು.

ನಮಸ್ಕಾರ.