ನೀನು ನೋಡಿದೆಯಾ? ಯಾರನ್ನು ಕೇಳಿದೆ?

ಕೇಳುಗರಿಗೆ ನಮಸ್ಕಾರ. ಮುಂಬಯಿಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ ಮೇಷ್ಟ್ರುಗಳಿಗೆ, ಟೀಚರುಗಳಿಗೆ ಇವತ್ತಿನ ನನ್ನ ಮಾತು. ನಾನು ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ವರದಿ ತಿದ್ದಿದವನು. ಈಗ ಶಾಲೆ ಶಾಲೆಗೆ ಹೋಗಿ ಮಕ್ಕಳ ಕೈಯಲ್ಲಿ ಗೋಡೆ ಪತ್ರಿಕೆ ಮಾಡಿಸುತ್ತೇನೆ.

ಎಲ್ಲಿ ಹೋದರೂ ಒಂದು ಮಾತು ಕೇಳಿಬರುತ್ತದೆ. 'ಸರ್, ನಮಗೇ ಪತ್ರಿಕೆ ಕೆಲಸ ಗೊತ್ತಿಲ್ಲ, ಮಕ್ಕಳಿಗೆ ಏನು ಹೇಳಿಕೊಡೋದು?' ಜಾಸ್ತಿ ಏನೂ ಬೇಡ. ಮಗು ಬರೆದು ತಂದಾಗ ಇಷ್ಟು ಕೇಳಿ: 'ಇದನ್ನು ನೀನು ನೋಡಿದೆಯಾ? ಯಾರನ್ನು ಕೇಳಿದೆ?' ಕೆಂಪು ಪೆನ್ನು ಆಮೇಲೆ.

ಧಾರಾವಿ ಕಡೆಯ ಒಂದು ಶಾಲೆ. ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳು ನೀರಿನ ಬಗ್ಗೆ ಬರೆದು ತಂದಳು. 'ನೀರು ಜೀವಜಲ. ಮುಂಬಯಿಗೆ ಏಳು ಕೆರೆಗಳಿಂದ ನೀರು ಬರುತ್ತದೆ' ಅಂತ ಶುರು. ತುಳಸಿ, ವಿಹಾರ, ತಾನಸಾ, ಭಾತಸಾ, ಎಲ್ಲ ಹೆಸರೂ ಸರಿ. ಕೊನೆಗೆ ಒಂದೇ ಸಾಲು: 'ನಮ್ಮ ಚಾಳಿನಲ್ಲಿ ನೀರು ಸರಿಯಾಗಿ ಬರುವುದಿಲ್ಲ.' ಟೀಚರು ಅಕ್ಷರ ಚೆನ್ನಾಗಿದೆ ಅಂತ ಹತ್ತಕ್ಕೆ ಎಂಟು ಕೊಟ್ಟಿದ್ದರು.

ನಾನು ಕೇಳಿದೆ, 'ಎಷ್ಟು ಹೊತ್ತು ಬರುತ್ತಮ್ಮಾ?' ಅವಳಿಗೆ ಗೊತ್ತಿಲ್ಲ. ದಿನಾ ಅದೇ ನೀರು ಹಿಡಿಯುವ ಹುಡುಗಿ! 'ಒಂದು ವಾರ ನೋಡಿ ಬರಿ' ಅಂದೆ. ಅಪ್ಪನ ಗಡಿಯಾರ ಕಟ್ಟಿಕೊಂಡು ನಲ್ಲಿ ಪಕ್ಕ ನಿಂತಳು. ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೀಟು ಎಳೆದು ಬರೆದಳು. ಸೋಮವಾರ 5.20ಕ್ಕೆ ಬಂತು, 6.05ಕ್ಕೆ ನಿಂತಿತು. ಶುಕ್ರವಾರ ಬರೀ 18 ನಿಮಿಷ, ಮೂರು ಕೊಡ. ನಾಲ್ಕನೆಯದು ಅರ್ಧ.

ಶುಕ್ರವಾರ ಯಾಕೆ ಹೀಗಾಯಿತು? ಮತ್ತೆ ಅದೇ ಪ್ರಶ್ನೆ, ಯಾರನ್ನು ಕೇಳಿದೆ? ಅಮ್ಮನ ಜೊತೆ ಹೋಗಿ ಚಾವಿವಾಲಾನನ್ನು ಹಿಡಿದಳು. ಮುಂಬಯಿಯಲ್ಲಿ ಇರುವವರಿಗೆ ಗೊತ್ತು. ನೆಲದ ಮುಚ್ಚಳ ತೆಗೆದು, ಉದ್ದನೆ ಕಬ್ಬಿಣದ ಚಾವಿ ಇಳಿಸಿ ವಾಲ್ವು ತಿರುಗಿಸುವ ಪಾಲಿಕೆಯ ಮನುಷ್ಯ. ಅವನು ಅಂದನಂತೆ, 'ಬೇಟಾ, ನಾನು ಅದೇ ಟೈಮಿಗೆ ಬಿಟ್ಟಿದ್ದೇನೆ. ನಿಮ್ಮದು ಪೈಪಿನ ಕೊನೆ. ಮುಂದಿನವರು ಮೋಟರು ಹಾಕಿ ಎಳೆದರೆ ನಿಮಗೆ ಏನು ಉಳಿಯುತ್ತದೆ?' ಮಾರನೇ ದಿನ ಹುಡುಗಿ ಕಿವಿಗೊಟ್ಟು ಕೇಳಿದಳು. ಅವರದೇ ಸಾಲಿನ ಮುಂದಿನ ಮೂರು ಮನೆಗಳಲ್ಲಿ ಮೋಟರಿನ ಸದ್ದು.

ಈಗ ನೋಡಿ, ಅದು ವರದಿ. ಏಳು ಕೆರೆಯ ಸಾಲು ತಾನಾಗಿಯೇ ಬಿದ್ದುಹೋಯಿತು. ಮೊದಲ ಸಾಲೇ 'ಶುಕ್ರವಾರ ನಮ್ಮ ನಲ್ಲಿಯಲ್ಲಿ 18 ನಿಮಿಷ ನೀರು ಬಂತು.' ಆ ಮೂರು ಮನೆಯವರ ಹೆಸರು ಹಾಕುವುದು ಬೇಡ ಅಂತ ನಾವೇ ತೀರ್ಮಾನ ಮಾಡಿದೆವು. ಹುಡುಗಿ ಅಲ್ಲೇ ಓಡಾಡಬೇಕು. ಆದರೆ ಆ ಮನೆಯವರನ್ನೂ ಕೇಳಿ ಬಾ ಅಂತ ಅವಳ ಅಮ್ಮನನ್ನು ಜೊತೆಗೆ ಕಳಿಸಿದೆವು. ಒಬ್ಬ ಅಜ್ಜಿ ಹೇಳಿದರಂತೆ, 'ಮಾಳಿಗೆಗೆ ಕೊಡ ಹೊರೋಕೆ ನನಗೆ ಆಗಲ್ಲ ಮಗಾ, ಅದಕ್ಕೇ ಮೋಟರು.' ಆ ಸಾಲೂ ಗೋಡೆಗೆ ಬಂತು.

ಟೀಚರು ಒಂದು ತಿದ್ದುಪಡಿ ಮಾಡಿದ್ದರು. 'ಚಾವಿವಾಲಾ' ಹೊಡೆದು 'ಜಲ ನಿರ್ವಾಹಕ' ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಇಡೀ ಗಲ್ಲಿ ಕರೆಯುವ ಹೆಸರನ್ನು ಮಗು ಬರೆದಿದೆ. ಮಗು ಕೇಳಿಕೊಂಡು ಬಂದ ಮಾತನ್ನು ನಾವು ಅಳಿಸಿದರೆ ಮುಂದಿನ ಸಲ ಅದು ಕೇಳುವುದೇ ಇಲ್ಲ. ಸುಮ್ನೆ ಪುಸ್ತಕ ನೋಡಿ ಬರೆಯುತ್ತದೆ. ಇದನ್ನು ಎಷ್ಟು ಶಾಲೆಯಲ್ಲಿ ಹೇಳಿದ್ದೇನೋ, ಇನ್ನೂ ಹೇಳುತ್ತಲೇ ಇದ್ದೇನೆ.

ಹೊತ್ತು ಆಗುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಮೊಬೈಲಿನಲ್ಲಿ ದನಿ ಹಿಡಿಯುವಾಗ ಫ್ಯಾನು ಆರಿಸಿ, ಮೊಬೈಲನ್ನು ಬಾಯಿಂದ ಒಂದು ಗೇಣು ದೂರ ಇಡಿ. ಫೋಟೋ ತೆಗೆಯುವ ಮುಂಚೆ ಕೇಳಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಮುಖ, ಶಾಲೆ, ಯಾವುದೂ ಬರಬಾರದು. ಪೋಕ್ಸೋ ಕಾನೂನು ಅದನ್ನು ಕಟ್ಟುನಿಟ್ಟಾಗಿ ಹೇಳುತ್ತದೆ. ತಪ್ಪಾದರೆ ಮುಂದಿನ ವಾರ ಅದೇ ಜಾಗದಲ್ಲಿ 'ತಪ್ಪಾಗಿತ್ತು' ಅಂತ ಮಗುವೇ ಬರೆಯಲಿ.

ಇದು ನಮ್ಮ ಕೆಲಸ ಅಲ್ಲ ಅಂತ ಅನ್ನಿಸುತ್ತದಾ? ಇದೇ ಮುಂಬಯಿಯಲ್ಲಿ 1832ರ ಜನವರಿ 6ರಂದು ಮರಾಠಿಯ ಮೊದಲ ಪತ್ರಿಕೆ 'ದರ್ಪಣ' ಹೊರಟಿತು. ಅದನ್ನು ತಂದ ಬಾಳಶಾಸ್ತ್ರಿ ಜಾಂಭೇಕರ್ ಮುಂದೆ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರತಂದ ಹರ್ಮನ್ ಮೊಗ್ಲಿಂಗ್ ಕೂಡ ಮಂಗಳೂರಿನಲ್ಲಿ ಹುಡುಗರ ಶಾಲೆ ನಡೆಸಿದವರು. ಕಲ್ಲಚ್ಚಿನಲ್ಲಿ ಹಾಕಿದ ಪತ್ರಿಕೆ ಅದು. ನಿಮ್ಮ ಹತ್ತಿರ ಒಂದು ಡ್ರಾಯಿಂಗ್ ಶೀಟು, ಎರಡು ಸ್ಕೆಚ್ ಪೆನ್ನು ಇವೆ ಅಲ್ವಾ?

ಜೂನ್ ನಡುವಿಗೆ ಶಾಲೆ ತೆರೆಯುತ್ತದೆ. ಕನ್ನಡದ ಆ ಮೊದಲ ಪತ್ರಿಕೆ ಹೊರಟ ಜುಲೈ 1ಕ್ಕೆ ಇನ್ನೂ ಎರಡು ವಾರ ಸಿಗುತ್ತದೆ. ಒಂದೇ ಶೀಟು, ಒಂದೇ ಸುದ್ದಿ ಸಾಕು. ನೀರು ಕುಡಿಯುವ ಜಾಗದ ಪಕ್ಕ ಅಂಟಿಸಿ, ಅಲ್ಲಿ ಎಲ್ಲರೂ ನಿಲ್ಲುತ್ತಾರೆ. ಅಂಟಿಸುವ ಮುಂಚೆ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೇಳಿ: ನೀನು ನೋಡಿದೆಯಾ? ಯಾರನ್ನು ಕೇಳಿದೆ?

ನಮಸ್ಕಾರ.