ಮೊದಲು ಅಟ್ಟದ ಮಾಲು ಕೆಳಗಿಳಿಯಲಿ
(ಧಾರವಾಡದಲ್ಲಿ ಸ್ಟೇಷನರಿ ಮತ್ತು ಝೆರಾಕ್ಸ್ ಅಂಗಡಿಯವರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಈ ಬಿಸಿಲಲ್ಲೂ ಬಂದಿದ್ದೀರಿ, ಬಹಳ ಸಂತೋಷ.

ಪರೀಕ್ಷೆಗಳು ಮುಗಿದಿವೆ. ಹಾಸ್ಟೆಲ್ ಹುಡುಗರು ಊರಿಗೆ ಹೊರಟಿದ್ದಾರೆ. ಮಧ್ಯಾಹ್ನವಿಡೀ ಕೂತರೂ ನಾಲ್ಕು ಕಾಪಿ ಝೆರಾಕ್ಸ್ ಆಗುವುದು ಕಷ್ಟ. ‘ಸೀಸನ್ ಇಲ್ಲ ಸರ್’ ಅನ್ನುತ್ತೀರಿ. ಅಂಗಡಿ ಸರಿಮಾಡಿಕೊಳ್ಳುವ ಸೀಸನ್ ಇದೇ ಅನ್ನುತ್ತೇನೆ ನಾನು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತೆಂದರೆ ಮಾರ್ಕ್ಸ್ ಕಾರ್ಡ್ ಹಿಡಿದು ಜನ ಸಾಲು ನಿಲ್ಲುತ್ತಾರೆ. ಅದರ ಬೆನ್ನಿಗೇ ನೋಟ್‌ಬುಕ್. ಆಗ ಊಟಕ್ಕೂ ಪುರುಸೊತ್ತಿರುವುದಿಲ್ಲ, ಅಲ್ವಾ?

ಕಾಲೇಜು ರಸ್ತೆಯ ಅಂಗಡಿಯವರೊಬ್ಬರು ಇಂಥದೇ ಬೇಸಿಗೆಯಲ್ಲಿ ಸಾಲದ ಅರ್ಜಿ ಹಿಡಿದು ನನ್ನ ಹತ್ತಿರ ಬಂದರು. ಜೂನ್‌ಗೆ ಮಾಲು ಹಾಕಲು ದುಡ್ಡಿಲ್ಲ. ‘ಅರ್ಜಿ ಆಮೇಲೆ, ಮೊದಲು ಅಟ್ಟ ಇಳಿಸಿ’ ಅಂದೆ. ಅವರಿಗೆ ಸಿಟ್ಟೇ ಬಂತು. ಆದರೂ ಏಣಿ ಹಾಕಿದರು. ಸಿಲೆಬಸ್ ಬದಲಾದ ಗೈಡುಗಳು, ಅಂಚು ಹಳದಿಯಾದ ಗ್ರಾಫ್ ಪುಸ್ತಕ, ಕಾರ್ಬನ್ ಪೇಪರಿನ ಡಬ್ಬಿ, ಒಣಗಿದ ಸ್ಟ್ಯಾಂಪ್ ಪ್ಯಾಡ್, ಹಳೇ ಡೈರಿಗಳು, ಯಾರೋ ಆರ್ಡರ್ ಕೊಟ್ಟು ಒಯ್ಯದೇ ಬಿಟ್ಟ ಶೀಲ್ಡುಗಳು. ಅವರ ಮನೆಯವರು ಹಳೇ ಬಿಲ್ಲುಗಳ ಕಟ್ಟು ಬಿಚ್ಚಿ ಒಂದೊಂದಕ್ಕೂ ಕೊಟ್ಟ ಬೆಲೆ ಬರೆಯುತ್ತಾ ಹೋದರು. ಕೊನೆಗೆ ಕೂಡಿಸಿ, ಒಂದು ಮಾತೂ ಆಡದೆ ವಹಿಯನ್ನು ಗಂಡನ ಕಡೆ ತಳ್ಳಿದರು. ಕೇಳಿದ ಸಾಲಕ್ಕಿಂತ ಆ ಮೊತ್ತ ಜಾಸ್ತಿ ಇತ್ತು.

ಓಡದ ಮಾಲು ಅಂದರೆ ಕೂತ ದುಡ್ಡು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಗ್ರಾಫ್ ಪುಸ್ತಕ ಟ್ಯೂಷನ್ ಮೇಷ್ಟ್ರಿಗೆ ಅರ್ಧ ಬೆಲೆಗೆ ಹೋದವು. ಗೈಡುಗಳು ರದ್ದಿಗೆ. ಡೈರಿಗಳನ್ನು ರಫ್ ಬರೆಯಲಿ ಅಂತ ಸರ್ಕಾರಿ ಶಾಲೆಗೆ ಕೊಟ್ಟರು. ಎಲ್ಲ ದುಡ್ಡು ವಾಪಸ್ ಬರಲಿಲ್ಲ, ಬರುವುದೂ ಇಲ್ಲ. ಆದರೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಬಾಂಡ್ ಪೇಪರ್, ಸ್ಪೈರಲ್ ಕಾಯಿಲ್, ಬೈಂಡಿಂಗಿನ ರೆಕ್ಸಿನ್ ಯಾವತ್ತೂ ಅಟ್ಟ ಹತ್ತಿರಲಿಲ್ಲ! ತಂದ ಹಾಗೇ ಖಾಲಿ. ನಮ್ಮ ಊರಲ್ಲಿ 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಇದೆ, 1986ರಿಂದ ಕೃಷಿ ವಿಶ್ವವಿದ್ಯಾಲಯ ಇದೆ. ಪ್ರಬಂಧ ಬರೆಯುವವರಿಗೆ ಬರವಿಲ್ಲ. ಆ ಅಂಗಡಿಯವರು ಮುಂದುಗಡೆಯ ಗಿಫ್ಟ್ ಕಪಾಟು ತೆಗೆದು ಅಲ್ಲಿ ಬೈಂಡಿಂಗ್ ಟೇಬಲ್ ಹಾಕಿದರು. ಈಗ ಜನ ಆ ಅಂಗಡಿಯನ್ನು ಹುಡುಕಿಕೊಂಡು ಬರುವುದೇ ಬೈಂಡಿಂಗ್‌ಗೆ. ನಿಮ್ಮ ಅಂಗಡಿಯಲ್ಲೂ ಅಟ್ಟ ಹತ್ತದ ಮಾಲು ಯಾವುದು ಅಂತ ನೋಡಿ. ಹೊಸ ಬೋರ್ಡು, ಹೊಸ ಬಣ್ಣ ಆಮೇಲೆ.

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ ಮೇಲಿನ ಶೇ 12 ಜಿಎಸ್‌ಟಿ ಹೋಗಿದೆ. ಪೆನ್ಸಿಲ್, ರಬ್ಬರ್, ಶಾರ್ಪ್‌ನರ್‌ಗೂ ಇಲ್ಲ. ಶಾಲೆ ಶುರುವಾದಾಗ ತಾಯಂದಿರು ಹಳೇ ಎಂಆರ್‌ಪಿ ತೋರಿಸಿ ಕೇಳಿಯೇ ಕೇಳುತ್ತಾರೆ. ಆ ಮಾಲನ್ನು ಬೇರೆ ಇಟ್ಟು, ಬೆಲೆ ಇಳಿಸಿ ಈಗಲೇ ಕಳಿಸಿಬಿಡಿ. ಕೂತ ದುಡ್ಡು, ನೆನಪಿರಲಿ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ನೋಟಿಸ್ ಕೊಟ್ಟಾಗ ಎಷ್ಟೋ ಸಣ್ಣ ಅಂಗಡಿಯವರು ಗಾಬರಿಯಾದರು. ವರ್ಷದ ವಹಿವಾಟು 40 ಲಕ್ಷದವರೆಗೆ ಇದ್ದರೆ ಜಿಎಸ್‌ಟಿ ನೋಂದಣಿ ಬೇಡ ಅನ್ನುವುದು ಬರೀ ಮಾಲು ಮಾರುವವರಿಗೆ. ಝೆರಾಕ್ಸ್, ಬೈಂಡಿಂಗ್ ಮಾಡುವವರು 20 ಲಕ್ಷದ ಗೆರೆ ನೋಡಿಕೊಳ್ಳಬೇಕು. ತೆರಿಗೆ ಇಲ್ಲದ ನೋಟ್‌ಬುಕ್ಕಿನ ಮಾರಾಟವೂ ಆ ವಹಿವಾಟಿನ ಲೆಕ್ಕಕ್ಕೆ ಸೇರುತ್ತದೆ. ತಮ್ಮ ಕಳಿಸಿದ ಸಾಲದ ದುಡ್ಡು, ಮಗಳ ಫೀಸು, ಅಂಗಡಿ ಗಲ್ಲಾ ಎಲ್ಲ ಒಂದೇ ಕ್ಯೂಆರ್‌ಗೆ ಬಂದರೆ ನಾಳೆ ಬಿಡಿಸಿ ಹೇಳುವವರು ಯಾರು? ಅಂಗಡಿಗೆ ಬೇರೆ ಖಾತೆ ಮಾಡಿ. ಈ ವಾರವೇ ಮಾಡಿ.

ಚೀಟಿ ಬಂತು, ಬೇಗ ಮುಗಿಸುತ್ತೇನೆ. ಉದ್ರಿ. ಶಾಲೆ, ಟ್ಯೂಷನ್‌ನವರ ಬಾಕಿ ಪಟ್ಟಿ ಬರೆದು, ಅಡ್ಮಿಷನ್ ಫೀಸು ಅವರ ಕೈಗೆ ಬರುವ ಹೊತ್ತಿಗೆ ಹೋಗಿ ಕೇಳಿ. ಸುಮ್ನೆ ಫೋನ್ ಮಾಡಿದರೆ ಆಗದು.

ಕೊನೆಗೆ ರಜೆ. ಫಲಿತಾಂಶಕ್ಕೆ ಮೊದಲು ನಾಲ್ಕು ದಿನ ಬಾಗಿಲ ಮೇಲೆ ಚೀಟಿ ಅಂಟಿಸಿ ಮಕ್ಕಳನ್ನು ಅಜ್ಜಿ ಊರಿಗೆ ಕರೆದುಕೊಂಡು ಹೋಗಿ. ಗಿರಾಕಿ ಎಲ್ಲಿಗೂ ಹೋಗುವುದಿಲ್ಲ.

ಸ್ಟಾಕ್ ಬರೆಯುವ ಹಾಳೆ ಪ್ರಿಂಟ್ ಹಾಕಿಸಿ ತಂದಿದ್ದೇನೆ, ಬಾಗಿಲ ಹತ್ತಿರ ಇದೆ, ಒಂದೊಂದು ತಗೊಳ್ಳಿ. ಜಿಎಸ್‌ಟಿ ಪ್ರಶ್ನೆ ಇರುವವರು ಚಹಾ ಹೊತ್ತಿಗೆ ಸಿಗಿ. ನಮಸ್ಕಾರ.