ಹೊಸದು ಎಲ್ಲಿಂದ ಬಂತು?

ಕೇಳುಗರೇ, ನಮಸ್ಕಾರ.

ಅಂಟಾರ್ಕ್ಟಿಕಾದ ಸುತ್ತ ಕಡಲಿನ ನೀರು ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗಿರುತ್ತದೆ. ಉಪ್ಪಿರುವುದರಿಂದ ಅದು ಗಟ್ಟಿಯಾಗುವುದಿಲ್ಲ. ಮೀನಿನ ರಕ್ತದಲ್ಲಿ ಅಷ್ಟು ಉಪ್ಪಿಲ್ಲ. ಲೆಕ್ಕಕ್ಕೆ ನೋಡಿದರೆ ರಕ್ತ ಮಂಜುಗಟ್ಟಿ ಮೀನು ಸಾಯಬೇಕು. ಸಾಯುವುದಿಲ್ಲ. ಅಲ್ಲಿನ ಅನೇಕ ಮೀನುಗಳ ರಕ್ತದಲ್ಲಿ ಒಂದು ಪ್ರೋಟೀನ್ ಇದೆ. ಮಂಜಿನ ಸಣ್ಣ ಹರಳು ಸಿಕ್ಕರೆ ಅದಕ್ಕೆ ಅಂಟಿಕೊಳ್ಳುತ್ತದೆ. ಹರಳು ಬೆಳೆಯುವುದು ಅಲ್ಲಿಗೇ ನಿಲ್ಲುತ್ತದೆ.

ಎಂಥ ಅಚ್ಚುಕಟ್ಟು, ಅಲ್ವಾ? ಯಾರೋ ಕೂತು ಯೋಚಿಸಿ ಮಾಡಿದ ಹಾಗಿದೆ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಇದೇ ಮಾತು ಹೇಳಿದ್ದರು. ಗಡಿಯಾರ ಇದೆ ಅಂದಮೇಲೆ ಅದನ್ನು ಮಾಡಿದವನೂ ಇರಲೇಬೇಕು ಅನ್ನುವುದು ಅವರ ವಾದ.

ಈ ಮೀನಿನ ಪ್ರೋಟೀನಿನ ಹುಟ್ಟು 1997ರಲ್ಲಿ ಗೊತ್ತಾಯಿತು. ಅದರ ಜೀನ್ ಬಂದಿದ್ದು ತಿಂದದ್ದನ್ನು ಅರಗಿಸುವ ಟ್ರಿಪ್ಸಿನ್‌ನ ಜೀನಿನಿಂದ! ಅದರದೇ ಒಂದು ಪುಟ್ಟ ಚೂರು ಮತ್ತೆ ಮತ್ತೆ ನಕಲಾಗಿ, ಸಾಲಾಗಿ ಸೇರಿಕೊಂಡು, ಬೇರೆ ಕೆಲಸಕ್ಕೆ ಬಿದ್ದಿತ್ತು. ಭೂಮಿಯ ಇನ್ನೊಂದು ತುದಿಯಲ್ಲಿ, ಆರ್ಕ್ಟಿಕ್ ಕಡಲಿನ ಕಾಡ್ ಮೀನಿನಲ್ಲೂ ಹೆಚ್ಚು ಕಡಿಮೆ ಇಂಥದೇ ಪ್ರೋಟೀನ್ ಇದೆ. ಅದು ಬಂದ ದಾರಿ ಮಾತ್ರ ಬೇರೆ. ಮೊದಲು ಯಾವ ಪ್ರೋಟೀನನ್ನೂ ಮಾಡದೆ ಸುಮ್ನೆ ಬಿದ್ದಿದ್ದ ಡಿಎನ್‌ಎಯಿಂದ ಬಂದದ್ದು. ಎರಡು ಕಡೆಯೂ ಹೊಸ ಸಾಮಾನು ತರಿಸಿದ ಗುರುತಿಲ್ಲ. ಮೂಲೆಯಲ್ಲಿದ್ದದ್ದರಲ್ಲೇ ಸುಧಾರಿಸಿದ್ದು.

ಸರಿ, ಆ ಚೂರು ನಕಲಾಗುವ ಹಾಗೆ ಹಿಂದಿನಿಂದ ತಳ್ಳಿದ್ದು ಯಾರು? ಡಾರ್ವಿನ್ ಅವರ ಗೆಳೆಯರೊಬ್ಬರ ವಾದ ಈ ಜಾಡಿನದೇ. ಹಾರ್ವರ್ಡ್‌ನ ಸಸ್ಯವಿಜ್ಞಾನಿ ಏಸಾ ಗ್ರೇ ವಿಕಾಸವಾದವನ್ನು ಒಪ್ಪಿದ್ದರು, ದೇವರನ್ನೂ ನಂಬಿದ್ದರು. ಜೀವಿಗಳಲ್ಲಿ ಹುಟ್ಟುವ ಬದಲಾವಣೆಗಳನ್ನು ದೇವರೇ ಒಳ್ಳೆಯ ದಾರಿಗೆ ತಿರುಗಿಸುತ್ತಾನೆ ಎಂದರು. ಡಾರ್ವಿನ್ 1868ರಲ್ಲಿ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಬೆಟ್ಟದ ಬುಡದಲ್ಲಿ ಉದುರಿದ ಕಲ್ಲು ಆರಿಸಿ ಒಬ್ಬ ಮನೆ ಕಟ್ಟುತ್ತಾನೆ ಅಂದುಕೊಳ್ಳಿ. ಪ್ರತಿ ಕಲ್ಲಿನ ಆಕಾರಕ್ಕೂ ಕಾರಣವಿದೆ. ಆದರೆ ಆ ಕಲ್ಲು ಒಡೆದದ್ದು ಇವನ ಮನೆಗಾಗಿಯೇ?

ವಾದ ಇಲ್ಲಿಗೇ ನಿಂತಿದ್ದರೆ ಮಾತಿಗೆ ಮಾತು ಅಷ್ಟೇ ಆಗುತ್ತಿತ್ತು. 1988ರಲ್ಲಿ ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಲೆನ್‌ಸ್ಕಿ ಒಂದೇ ತಳಿಯ ಇ. ಕೋಲಿ ಬ್ಯಾಕ್ಟೀರಿಯಾವನ್ನು 12 ಫ್ಲಾಸ್ಕ್‌ಗಳಲ್ಲಿ ಬೆಳೆಸಲು ಶುರು ಮಾಡಿದರು. ಹನ್ನೆರಡಕ್ಕೂ ಅದೇ ಅರೆಹೊಟ್ಟೆಯ ಸಕ್ಕರೆ. ಜೊತೆಗೆ ನಿಂಬೆಯ ಹುಳಿಯಲ್ಲಿರುವಂಥ ಸಿಟ್ರೇಟ್ ಬೇಕಾದಷ್ಟು ಇತ್ತು. ಆದರೆ ಆಮ್ಲಜನಕ ಇರುವಾಗ ಇ. ಕೋಲಿ ಅದನ್ನು ತಿನ್ನಲಾರದು. ಊಟ ಎದುರಿಗಿದೆ, ಬಾಯಿಗೆ ಎಟುಕುವುದಿಲ್ಲ.

ಸುಮಾರು 31,500ನೇ ತಲೆಮಾರಿನ ಹೊತ್ತಿಗೆ ಒಂದು ಫ್ಲಾಸ್ಕಿನಲ್ಲಿ ತಿನ್ನುವುದನ್ನು ಕಲಿತವು. ಕಲಿತವು ಅನ್ನುವುದು ಬರೀ ನನ್ನ ಮಾತಿನ ಅಭ್ಯಾಸ, ಬ್ಯಾಕ್ಟೀರಿಯಾ ಏನನ್ನೂ ಕಲಿಯುವುದಿಲ್ಲ. ಆಮ್ಲಜನಕ ಇಲ್ಲದಾಗ ಸಿಟ್ರೇಟ್ ಒಳಗೆಳೆಯುವ ಜೀನ್ ಅದರಲ್ಲಿ ಮೊದಲೇ ಇತ್ತು. ಅದರ ಇನ್ನೊಂದು ಪ್ರತಿ, ಆಮ್ಲಜನಕ ಇರುವಾಗಲೂ ಆನ್ ಆಗಿರುವ ಸ್ವಿಚ್ಚಿನ ಪಕ್ಕ ಹೋಗಿ ಕೂತಿತು. ಮತ್ತೆ ಹಳೇ ಸಾಮಾನೇ.

ತಲೆಮಾರುಗಳ ಸ್ಯಾಂಪಲ್ ಫ್ರೀಜರಿನಲ್ಲಿತ್ತು. ತೆಗೆದು ಮತ್ತೆ ಬೆಳೆಸಿ ನೋಡಿದರು. 20,000ಕ್ಕಿಂತ ಹಿಂದಿನವು ಎಷ್ಟು ಬೆಳೆಸಿದರೂ ಈ ಗುಣ ತೋರಲಿಲ್ಲ. ಆಮೇಲಿನವುಗಳಲ್ಲಿ ಕೆಲವು ತೋರಿದವು. ಅಂದರೆ ನಡುವೆ ಏನೋ ಸಣ್ಣ ಬದಲಾವಣೆ ನೆಲ ಹದ ಮಾಡಿತ್ತು.

ನನ್ನನ್ನು ಕಾಡುವುದು ಉಳಿದ 11 ಫ್ಲಾಸ್ಕ್‌ಗಳು. ಅಲ್ಲೂ ಅದೇ ಹಸಿವು, ಅದೇ ಸಿಟ್ರೇಟ್. ಅಗತ್ಯ ನೋಡಿ ಕೈಹಿಡಿಯುವವರು ಇದ್ದಿದ್ದರೆ ಅವುಗಳನ್ನು ಯಾಕೆ ಬಿಟ್ಟರು? ಹಾಗಂತ ನಿಸರ್ಗ ದೊಡ್ಡ ಜಾಣೆ ಅನ್ನುವವರ ಮಾತೂ ನನಗೆ ಅಷ್ಟಕ್ಕಷ್ಟೆ. ಅದು ದೇವರನ್ನು ಎಬ್ಬಿಸಿ, ಅದೇ ಪೀಠದ ಮೇಲೆ ನಿಸರ್ಗವನ್ನು ಕೂರಿಸಿದ ಹಾಗೆ. ಜಾಣೆ ಆಗಿದ್ದರೆ 31,000 ತಲೆಮಾರು ಕಾಯಬೇಕಿತ್ತೇ? ಎಡವುವುದೇ ಜಾಸ್ತಿ. ಎಲ್ಲೋ ಒಂದು ನಿಲ್ಲುತ್ತದೆ, ನಿಂತದ್ದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ.

ನಿಸರ್ಗ ನಡೆಯುವ ನಿಯಮಗಳೆಲ್ಲ ಮೊದಲು ಎಲ್ಲಿಂದ ಬಂದವು? ಅದಕ್ಕೆ ಫ್ಲಾಸ್ಕ್ ಉತ್ತರ ಕೊಡುವುದಿಲ್ಲ. ಡಾರ್ವಿನ್ ಅವರಿಗೂ ಅಲ್ಲಿ ಗೊಂದಲವೇ. 1860ರಲ್ಲಿ ಗ್ರೇಗೆ ಬರೆದ ಕಾಗದದಲ್ಲಿ, ಇದು ಮನುಷ್ಯನ ಬುದ್ಧಿಗೆ ಮೀರಿದ್ದು, ನ್ಯೂಟನ್‌ನ ಮನಸ್ಸಿನಲ್ಲಿ ಏನಿದೆ ಅಂತ ನಾಯಿ ಊಹೆ ಮಾಡಿದ ಹಾಗೆ, ಎಂದಿದ್ದರು. ಇಬ್ಬರ ಜಗಳ ಮುಗಿಯಲೇ ಇಲ್ಲ. 1877ರಲ್ಲಿ ಡಾರ್ವಿನ್ ಹೂಗಳ ಬಗ್ಗೆ ಒಂದು ಪುಸ್ತಕ ಬರೆದರು. ಅದನ್ನು ಅರ್ಪಿಸಿದ್ದು ಏಸಾ ಗ್ರೇ ಅವರಿಗೆ.

ನಮಸ್ಕಾರ.